ಸಿಪಾಯಿಗೆ ಶಾಲು, ಕೇರಿಗೆ ಬೇರೆ ಲೋಟ

೧

ಡಿಸೆಂಬರ್ ೭. ನಮ್ಮೂರ ಶಾಲೆಯ ಅಂಗಳ. ಶಾಮಿಯಾನ, ಮೈಕು, ಬಾಡಿಗೆ ಕುರ್ಚಿ. ಮಕ್ಕಳ ಅಂಗಿಗೆ ಸಣ್ಣ ಸಣ್ಣ ಕಾಗದದ ಬಾವುಟ. ಅವತ್ತು ಸಶಸ್ತ್ರ ಪಡೆಗಳ ಧ್ವಜ ದಿನ. ವೇದಿಕೆಯ ಮೇಲೆ ಊರ ಗಣ್ಯರ ಸಾಲಿನ ತುದಿಯಲ್ಲಿ ನಮ್ಮ ಕೇರಿಯ ಮಿಲ್ಟ್ರಿ ಮುತ್ಯಾ ಕುಂತಿದ್ದ. ೧೯೭೧ರ ಯುದ್ಧ ಕಂಡವನು. ಟ್ರಂಕಿನಲ್ಲಿದ್ದ ಹಳೇ ಕೋಟಿಗೆ ಇಸ್ತ್ರಿ ಹಾಕಿಸಿ ತೊಟ್ಟಿದ್ದ. ಎದೆಯ ಮೇಲೆ ಮೂರು ಪದಕ.

ಊರಿನ ದೊಡ್ಡವರೊಬ್ಬರು ಎದ್ದು ಶಾಲು ಹೊದಿಸಿದರು. ಬೆರಳು ಭುಜಕ್ಕೆ ತಾಗದ ಹಾಗೆ, ಹಗ್ಗದ ಮೇಲೆ ಬಟ್ಟೆ ಒಗೆದ ಹಾಗೆ ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. 'ಇಂಥ ವೀರರು ಗಡಿಯಲ್ಲಿ ಎಚ್ಚರ ಇದ್ದದ್ದಕ್ಕೇ ನಾವು ಮನೆಯಲ್ಲಿ ನಿದ್ದೆ ಮಾಡಿದೆವು' ಅಂತ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಸುಳ್ಳು ಯಾಕೆ ಹೇಳಬೇಕು, ನಮ್ಮ ಎದೆಯೂ ಉಬ್ಬಿತ್ತು.

ಸಂಜೆ ಅದೇ ಶಾಲು ಹೊದ್ದುಕೊಂಡೇ ಮುತ್ಯಾ ಬಸ್ ಸ್ಟ್ಯಾಂಡಿನ ಹೋಟ್ಲಿಗೆ ಬಂದ. ನಾವು ನಾಲ್ಕು ಜನ ಜೊತೆಗಿದ್ದೆವು. ಈಗ ಹೋಟ್ಲಲ್ಲಿ ತೆಂಗಿನ ಚಿಪ್ಪು ಇಲ್ಲ, ಕಾಲ ಮುಂದುವರಿದಿದೆ. ಊರವರಿಗೆ ಸ್ಟೀಲು ಲೋಟ, ಕೇರಿಯವರಿಗೆ ಪೇಪರ್ ಕಪ್ಪು. ಕುಡಿದು ನಾವೇ ಬಿಸಾಡಬೇಕು. ಮುತ್ಯಾನ ಕೈಗೂ ಪೇಪರ್ ಕಪ್ಪೇ ಬಂತು. ಅವನ ಪಕ್ಕ ನಿಂತು ಸ್ಟೀಲು ಲೋಟದಲ್ಲಿ ಚಾ ಕುಡಿಯುತ್ತಿದ್ದವರಲ್ಲಿ ಇಬ್ಬರು ಬೆಳಿಗ್ಗೆ ಚಪ್ಪಾಳೆ ತಟ್ಟಿದವರು.

ಮುತ್ಯಾ ಇಷ್ಟೇ ಅಂದ: 'ಪಲ್ಟನ್‌ದಾಗ ಎಲ್ಲಾರೂ ಒಂದ ಲಂಗರದಾಗ ಉಂಡೀವಿ ತಮ್ಮಾ. ಗುಂಡು ಬೀಳೂ ಮುಂದ ಯಾರೂ ಜಾತಿ ಕೇಳಲಿಲ್ಲ. ಊರಿಗೆ ಬಂದ ಮ್ಯಾಲ ಲೋಟ ಬ್ಯಾರೆ ಆತು.'

ಗೆಳೆಯರೇ, ಈ ಲೇಖನ ಆ ಪೇಪರ್ ಕಪ್ಪಿನ ಬಗ್ಗೆ. ಸಿಪಾಯಿಯನ್ನು ವರ್ಷಕ್ಕೊಂದು ದಿನ ನೆನೆಯುವವರು ಉಳಿದ ದಿನ ಏನನ್ನು ಮರೆಯುತ್ತಾರೆ ಎಂಬುದರ ಬಗ್ಗೆ. ಇಂಥ ನೆನಪಿನ ದಿನಗಳನ್ನು ಯಾರು ಹುಟ್ಟಿಸುತ್ತಾರೆ, ಯಾರಿಗಾಗಿ ಹುಟ್ಟಿಸುತ್ತಾರೆ ಎಂಬುದರ ಬಗ್ಗೆ.

೨

ನೆನಪಿನ ದಿನಗಳು ಆಕಾಶದಿಂದ ಬೀಳುವುದಿಲ್ಲ. ಮೊದಲನೇ ಮಹಾಯುದ್ಧ ೧೯೧೮ರ ನವೆಂಬರ್ ೧೧ರಂದು ನಿಂತಿತು. ಮರುವರ್ಷ ಅದೇ ದಿನ, ಅದೇ ಹನ್ನೊಂದು ಗಂಟೆಗೆ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಸತ್ತವರ ತಾಯಂದಿರಿಗೆ ಅಳಲು ಒಂದು ದಿನ ಬೇಕಾಗಿತ್ತು ನಿಜ. ಸಾಯಲು ಕಳಿಸಿದವರಿಗೆ ಮುಖ ಉಳಿಸಿಕೊಳ್ಳಲೂ ಒಂದು ದಿನ ಬೇಕಾಗಿತ್ತು. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಅಮೆರಿಕದವರು ಆ ನವೆಂಬರ್ ೧೧ಕ್ಕೆ ೧೯೫೪ರಲ್ಲಿ ಹೆಸರು ಬದಲಾಯಿಸಿ ಎಲ್ಲ ಯುದ್ಧಗಳ ಮಾಜಿ ಸೈನಿಕರ ದಿನ ಮಾಡಿಕೊಂಡರು. ಅದಕ್ಕೆ ಎಂಟು ವರ್ಷ ಮೊದಲು, ೧೯೪೬ರ ಫೆಬ್ರವರಿಯಲ್ಲಿ, ಐಸಾಕ್ ವುಡರ್ಡ್ ಎಂಬ ಕರಿಯ ಸೈನಿಕ ಎರಡನೇ ಮಹಾಯುದ್ಧದಿಂದ ಬಿಡುಗಡೆಯಾಗಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಮೈಮೇಲೆ ಇನ್ನೂ ಸಮವಸ್ತ್ರ ಇತ್ತು. ದಕ್ಷಿಣ ಕೆರೊಲಿನಾದಲ್ಲಿ ಪೊಲೀಸರು ಅವನನ್ನು ಬಸ್ಸಿಂದ ಇಳಿಸಿಕೊಂಡು ಹೊಡೆದರು. ಎರಡೂ ಕಣ್ಣು ಹೋದವು. ಹೊಡೆದ ಪೊಲೀಸ್ ಅಧಿಕಾರಿಯನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆ ಮಾಡಿತು. ಜಗತ್ತು ಗೆದ್ದು ಬಂದವನಿಗೆ ತನ್ನ ಊರು ಕಾಣಿಸದ ಹಾಗೆ ಮಾಡಿದರು. ಕರಿಯರ ಸಿಟ್ಟಿನ ಒತ್ತಡದಿಂದಲೇ ೧೯೪೮ರಲ್ಲಿ ಅಧ್ಯಕ್ಷ ಟ್ರೂಮನ್ ಸೈನ್ಯದೊಳಗಿನ ವರ್ಣಭೇದ ತೆಗೆಯಲು ಆಜ್ಞೆ ಹೊರಡಿಸಬೇಕಾಯಿತು.

ನಮ್ಮ ದೇಶದಲ್ಲಿ ಧ್ವಜ ದಿನ ೧೯೪೯ರಿಂದ ನಡೆಯುತ್ತಿದೆ. ಸಣ್ಣ ಬಾವುಟ ಮಾರಿ ಬಂದ ಹಣ ಗಾಯಗೊಂಡ ಸೈನಿಕರಿಗೆ, ಸತ್ತವರ ಹೆಂಡಿರು ಮಕ್ಕಳಿಗೆ ಹೋಗಲಿ ಎಂಬ ಉದ್ದೇಶ. ಉದ್ದೇಶ ಒಳ್ಳೆಯದೇ. ಜನವರಿ ೧೫ ಸೇನಾ ದಿನ. ೧೯೪೯ರ ಆ ದಿನ ಕೊಡಗಿನ ಕೆ. ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಜನವರಿ ೧೪ ಮಾಜಿ ಸೈನಿಕರ ದಿನ. ಕಾರ್ಯಪ್ಪನವರು ೧೯೫೩ರಲ್ಲಿ ನಿವೃತ್ತರಾದದ್ದು ಆ ದಿನ ಅಂತ ೨೦೧೬ರಿಂದ ಆಚರಿಸುತ್ತಾ ಬಂದಿದ್ದಾರೆ. ನಮ್ಮ ಕಡೆ ಅವತ್ತೇ ಸಂಕ್ರಾಂತಿ. ಊರವರು ಎಳ್ಳು ಬೆಲ್ಲ ಹಂಚುವಾಗ ಕೇರಿಗೆ ಹೇಗೆ ಹಂಚುತ್ತಾರೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಇವೆಲ್ಲ ಸರ್ಕಾರ ಕೊಟ್ಟ ದಿನಗಳು. ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಜನವರಿಯಲ್ಲೇ ಇನ್ನೊಂದು ದಿನ ಇದೆ. ಯಾವ ಸರ್ಕಾರವೂ ಕೊಡದ ದಿನ. ಕ್ಯಾಲೆಂಡರಿನಲ್ಲಿ ಅದರ ಚೌಕದೊಳಗೆ 'ಹೊಸ ವರ್ಷ' ಅಂತ ಮಾತ್ರ ಬರೆದಿರುತ್ತದೆ.

೩

ಜನವರಿ ೧, ೧೮೧೮. ಪುಣೆಯ ಹತ್ತಿರ ಭೀಮಾ ನದಿಯ ದಂಡೆಯ ಕೋರೆಗಾಂವ್. ಆ ಭೀಮೆಯೇ ಕೆಳಗಿಳಿದು ನಮ್ಮ ವಿಜಯಪುರ, ಕಲಬುರ್ಗಿ, ಯಾದಗಿರಿ ಸೀಮೆ ದಾಟಿ ಕೃಷ್ಣೆಯನ್ನು ಸೇರುತ್ತಾಳೆ. ನಾವು ಕುಡಿಯುವುದು ಆ ನೀರನ್ನೇ. ಕುಡಿಯಲು ಬಿಟ್ಟಲ್ಲಿ.

ಹಿಂದಿನ ರಾತ್ರಿ ಶಿರೂರಿನಿಂದ ಹೊರಟ ಕಂಪನಿಯ ಪಡೆ ರಾತ್ರಿಯಿಡೀ ನಡೆದು ಬೆಳಿಗ್ಗೆ ಅಲ್ಲಿಗೆ ಬಂದಿತ್ತು. ಮುಖ್ಯಸ್ಥ ಕ್ಯಾಪ್ಟನ್ ಸ್ಟಾಂಟನ್. ಎಲ್ಲ ಸೇರಿ ಎಂಟುನೂರಕ್ಕೂ ಸ್ವಲ್ಪ ಹೆಚ್ಚು ಜನ: ಬಾಂಬೆ ನೇಟಿವ್ ಇನ್‌ಫೆಂಟ್ರಿಯ ಸುಮಾರು ಐನೂರು ಕಾಲಾಳು, ಒಂದಿಷ್ಟು ಕುದುರೆ ಸವಾರರು, ಮದ್ರಾಸಿನ ಫಿರಂಗಿ ದಳದವರು, ಎರಡು ತೋಪು. ಎದುರಿಗೆ ಪೇಶ್ವೆ ಎರಡನೇ ಬಾಜೀರಾಯನ ಸೈನ್ಯ. ಒಟ್ಟು ಸುಮಾರು ೨೮,೦೦೦ ಎಂಬುದು ಲೆಕ್ಕ. ಕಂಪನಿಯ ಕಾಲಾಳುಗಳಲ್ಲಿ ದೊಡ್ಡ ಪಾಲು ಮಹಾರರದು. ಹಗಲಿಡೀ ಗಲ್ಲಿ ಗಲ್ಲಿಯಲ್ಲಿ ಹೊಡೆದಾಟ ನಡೆಯಿತು. ರಾತ್ರಿ ನಡೆದು ಬಂದ ಕಾಲು, ಹೊಟ್ಟೆಗೆ ಕೂಳಿಲ್ಲ, ಕಣ್ಣೆದುರೇ ನದಿ, ಕುಡಿಯಲು ನೀರಿಲ್ಲ. ನದಿಯ ದಾರಿ ಕಟ್ಟಿಹೋಗಿತ್ತು. ಕತ್ತಲಾದ ಮೇಲೆಯೇ ನೀರು ಸಿಕ್ಕಿದ್ದು. ಆ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ೨೭೫. ಮೂವರಲ್ಲಿ ಒಬ್ಬ. ರಾತ್ರಿ ಪೇಶ್ವೆಯ ಸೈನ್ಯ ಹಿಂದೆ ಸರಿಯಿತು. ಅದೇ ವರ್ಷ ಪೇಶ್ವೆ ಆಳ್ವಿಕೆ ಮುಗಿಯಿತು.

ಇಲ್ಲಿ ನಾವು ನಮ್ಮವರಿಗೇ ಒಂದು ಮಾತು ಹೇಳಬೇಕು. ಕೋಪಿಸಿಕೊಳ್ಳಬೇಡಿ. ನಮ್ಮ ವೇದಿಕೆಗಳಲ್ಲಿ ಭಾಷಣಕಾರರು 'ಐನೂರು ಮಂದಿ ಇಪ್ಪತ್ತೆಂಟು ಸಾವಿರ ಜನರನ್ನು ಕಡಿದು ಚೆಲ್ಲಿದರು' ಅಂತಾರೆ. ಹಾಗೆ ನಡೆಯಲಿಲ್ಲ. ಇಪ್ಪತ್ತೆಂಟು ಸಾವಿರವೂ ಊರೊಳಗೆ ನುಗ್ಗಲಿಲ್ಲ. ನುಗ್ಗಿದ್ದು ಎರಡು ಸಾವಿರದ ಆಸುಪಾಸು. ಪೇಶ್ವೆಯ ಕಡೆ ಸತ್ತು ಗಾಯಗೊಂಡವರು ಐನೂರು ಆರುನೂರು. ಇನ್ನೊಂದು ಇಂಗ್ಲಿಷ್ ಪಡೆ ಹತ್ತಿರ ಬರುತ್ತಿದೆ ಎಂಬ ಭಯವೂ ಅವರು ಹಿಂದೆ ಸರಿಯಲು ಕಾರಣ. ಕಂಪನಿಯ ಕಡೆ ಮಹಾರರ ಜೊತೆ ಮರಾಠರಿದ್ದರು, ಮುಸ್ಲಿಮರಿದ್ದರು, ಬಿಳಿಯರೂ ಇದ್ದರು. ಪೇಶ್ವೆಯ ಕಡೆ ಸಂಬಳಕ್ಕೆ ಬಂದ ಅರಬರು ಇದ್ದರು.

ಇದನ್ನು ನಾವೇ ಯಾಕೆ ಹೇಳಬೇಕು? ಸುಳ್ಳು ಲೆಕ್ಕ ನಮ್ಮ ಕೈಯಲ್ಲಿದ್ದರೆ, ಅದನ್ನು ಕಿತ್ತುಕೊಂಡವರು ನಿಜವನ್ನೂ ಅದರ ಜೊತೆಗೇ ಒಯ್ಯುತ್ತಾರೆ. ಪುರಾಣ ಹೇಳಿ ಹೇಳಿ ನಮ್ಮನ್ನು ಎರಡು ಸಾವಿರ ವರ್ಷ ಕೆಳಗಿಟ್ಟರು. ನಾವು ಇನ್ನೊಂದು ಪುರಾಣ ಕಟ್ಟಿ ಮೇಲೇಳುವುದು ಬೇಡ. ನಿಜವೇ ಸಾಕು. ಮುಟ್ಟಬಾರದವರು ಅಂತ ಯಾರನ್ನು ಕರೆದರೋ ಅವರು ನೀರಿಲ್ಲದೆ, ಕೂಳಿಲ್ಲದೆ ಒಂದು ಹಗಲು ಒಂದು ಊರನ್ನು ಬಿಟ್ಟುಕೊಡದೆ ನಿಂತರು. ಇದಕ್ಕಿಂತ ದೊಡ್ಡದು ಏನು ಬೇಕು?

ಮೂರು ವರ್ಷದ ನಂತರ, ೧೮೨೧ರಲ್ಲಿ, ಕಂಪನಿ ಅಲ್ಲಿ ಕಲ್ಲಿನ ಸ್ತಂಭಕ್ಕೆ ಅಡಿಗಲ್ಲು ಹಾಕಿತು. ತನ್ನ ಗೆಲುವಿಗಾಗಿ ತಾನೇ ನಿಲ್ಲಿಸಿಕೊಂಡ ಕಂಬ ಅದು, ನಮಗಾಗಿ ಅಲ್ಲ. ಆದರೆ ಕಲ್ಲಿನ ಮೇಲೆ ಸತ್ತವರ ಹೆಸರು ಕೊರೆಸಿದರು. ೪೯ ಹೆಸರಿನಲ್ಲಿ ೨೨ ಹೆಸರು 'ನಾಕ' ಅಂತ ಮುಗಿಯುತ್ತವೆ. ನಾಕ ಅಂದರೆ ಮಹಾರ. ಹೆಸರಿಟ್ಟು ಕರೆಯದೆ 'ಏ ಹೊಲೆಯಾ' ಅಂತ ಕರೆದ ಸಮಾಜದಲ್ಲಿ, ಸತ್ತ ಮೇಲೂ ಸುಡುಗಾಡು ಬೇರೆ ಇಟ್ಟ ಸಮಾಜದಲ್ಲಿ, ಅಂಥವರ ಹೆಸರು ಬಿಳಿಯ ಅಧಿಕಾರಿಯ ಹೆಸರಿರುವ ಕಲ್ಲಿನ ಮೇಲೆಯೇ ಬಂತು. ಕಂಪನಿಗೆ ಆ ಹೆಸರುಗಳು ಲೆಕ್ಕದ ಪುಸ್ತಕದ ಸಾಲು. ನಮಗೆ ಅದು ಮೊದಲ ಹಾಜರಿ ಪುಸ್ತಕ.

೪

ಕಂಪನಿ ಸರ್ಕಾರ ಈ ಋಣ ಹೇಗೆ ತೀರಿಸಿತು ನೋಡಿ.

ಸೋತ ಬಾಜೀರಾಯನಿಗೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಪಿಂಚಣಿ ಕೊಟ್ಟು ಕಾನ್ಪುರದ ಹತ್ತಿರ ಬಿಠೂರಿನಲ್ಲಿ ಕೂಡಿಸಿದರು. ೧೮೫೧ರಲ್ಲಿ ಸಾಯುವವರೆಗೂ ಉಂಡ. ಗೆದ್ದ ಸಿಪಾಯಿಯ ಮೊಮ್ಮಕ್ಕಳಿಗೆ? ೧೮೯೨ರಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. 'ಇವರು ಯುದ್ಧ ಮಾಡುವ ಕುಲದವರಲ್ಲ' ಅಂದರು. ಕೆಲವು ಜಾತಿಗಳು ಹುಟ್ಟಿನಿಂದಲೇ ವೀರರು, ಉಳಿದವರು ಹುಟ್ಟಿನಿಂದಲೇ ಹೇಡಿಗಳು ಎಂಬ ಸಿದ್ಧಾಂತ ಆಗ ಇಂಗ್ಲಿಷ್ ಸೇನಾಧಿಪತಿಗಳ ತಲೆಯಲ್ಲಿ ಕೂತಿತ್ತು. ಮನುವಿನ ಸಿದ್ಧಾಂತಕ್ಕೂ ಇದಕ್ಕೂ ಏನು ವ್ಯತ್ಯಾಸ? ಬಿಳಿ ಚರ್ಮದ ಮನು, ಅಷ್ಟೇ. ಸ್ತಂಭದ ಮೇಲಿನ ೨೨ ಹೆಸರು ಆಗ ಅವರ ಕಣ್ಣಿಗೆ ಕಾಣಲಿಲ್ಲ.

ಸೈನ್ಯದ ಬಾಗಿಲು ಮುಚ್ಚಿದರೆ ಹೋದದ್ದು ಬರೀ ಸಂಬಳ ಅಲ್ಲ. ಊರಿನ ಶಾಲೆಯೊಳಗೆ ಬಿಡದ ಮಕ್ಕಳಿಗೆ ಪಲ್ಟನ್ನಿನ ಶಾಲೆ ತೆರೆದಿತ್ತು. ರಾಮ್‌ಜಿ ಸಕ್ಪಾಲ್ ಎಂಬ ಸುಬೇದಾರ್ ಅಂಥ ಸೈನಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರಿಗೆ ೧೮೯೧ರ ಏಪ್ರಿಲ್ ೧೪ರಂದು ಮಹೂ ದಂಡಿನ ನೆಲೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಆ ಮಗು ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅಪ್ಪ ಅಕ್ಷರ ಕಲಿತದ್ದಕ್ಕೆ ಮಗ ಸಂವಿಧಾನ ಬರೆದ. ಮಗು ಹುಟ್ಟಿದ ಮರುವರ್ಷವೇ ಆ ಬಾಗಿಲು ಮುಚ್ಚಿತು. ಅವತ್ತು ಒಳಗೆ ಹೋಗಲಾರದೆ ನಿಂತ ಇನ್ನೆಷ್ಟು ಸುಬೇದಾರರು, ಅವರಿಗೆ ಹುಟ್ಟಿಯೂ ಶಾಲೆ ಕಾಣದ ಇನ್ನೆಷ್ಟು ಮಕ್ಕಳು? ನಮ್ಮ ಮನೆಗಳಲ್ಲಿ ಮೊದಲ ಸಲ ಬಿ.ಎ. ಅಂತ ಬರೆದುಕೊಂಡವರು ನಾವು. ನಮ್ಮ ಕೇರಿಗೆ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದದ್ದು ಮಿಲ್ಟ್ರಿ ಮುತ್ಯಾ. ನಮ್ಮ ಕಾಲೇಜಿನ ಅರ್ಜಿಗೆ ಪೆನ್ನು ಕೊಟ್ಟದ್ದೂ ಅವನೇ. ಅದಕ್ಕೇ ಈ ಪ್ರಶ್ನೆ ನಮಗೆ ಹೊಟ್ಟೆಯೊಳಗಿಂದ ಬರುತ್ತದೆ.

ಬಾಗಿಲು ಮುಚ್ಚಿದಾಗ ನಮ್ಮವರು ಸುಮ್ಮನೆ ಕೂರಲಿಲ್ಲ. ನಿವೃತ್ತ ಹವಾಲ್ದಾರ ಗೋಪಾಲ ಬಾಬಾ ವಲಂಗ್‌ಕರ್ ೧೮೯೪ರಲ್ಲಿ ಮನವಿ ಬರೆದರು. ಶಿವರಾಮ ಜಾನಬಾ ಕಾಂಬ್ಳೆ ೧೯೧೦ರಲ್ಲಿ ಲಂಡನ್ನಿನ ಮಂತ್ರಿಗೇ ಮನವಿ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ೧೯೧೭ರಲ್ಲಿ ೧೧೧ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, ೧೯೨೧ರಲ್ಲಿ ಅದನ್ನೂ ಬರಖಾಸ್ತು ಮಾಡಿದರು. ಬೇಕಾದಾಗ ವೀರ, ಬೇಡವಾದಾಗ ಹೊಲೆಯ.

ಇದಾದ ಮೇಲೆ ಬಂದದ್ದು ೧೯೨೭ರ ಜನವರಿ ೧. ಅಂಬೇಡ್ಕರ್ ಕೋರೆಗಾಂವ್ ಸ್ತಂಭದ ಹತ್ತಿರ ಹೋಗಿ ಸಭೆ ಮಾಡಿದರು. ನಮ್ಮ ನೆನಪಿನ ದಿನಕ್ಕೆ ಬೇರು ಅಲ್ಲಿದೆ. ಅವರು ಅಲ್ಲಿ ಇಂಗ್ಲಿಷರಿಗೆ ಜೈಕಾರ ಹಾಕಲಿಲ್ಲ. ನಿಮಗಾಗಿ ಸತ್ತವರ ಕುಲವನ್ನೇ ಯುದ್ಧಕ್ಕೆ ಯೋಗ್ಯವಲ್ಲ ಅಂದಿರಲ್ಲ, ಇದು ಕೃತಘ್ನತೆ ಅಲ್ಲವೇ ಅಂತ ಎತ್ತಿ ಕೇಳಿದರು. ನಿಷೇಧ ತೆಗೆಸಲು ಚಳವಳಿ ಹೂಡಿ ಅಂತ ಜನರಿಗೆ ಹೇಳಿದರು. ಸತ್ತವರಿಗೆ ಹೂವು ಇಡಲು ಹೋದವರು ಬದುಕಿದವರ ಬಾಕಿ ಕೇಳಿ ಬಂದರು. ಕಂಪನಿ ತನ್ನ ಗೆಲುವಿಗೆ ನಿಲ್ಲಿಸಿದ ಕಲ್ಲನ್ನು ಅವತ್ತು ಕಂಪನಿಯ ವಾರಸುದಾರರ ವಿರುದ್ಧವೇ ಸಾಕ್ಷಿ ನಿಲ್ಲಿಸಿದರು.

ಅಲ್ಲಿಂದ ಎಂಬತ್ತು ದಿನ ಕೂಡ ಆಗಿರಲಿಲ್ಲ. ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ಇಳಿದು ನೀರು ಕುಡಿದರು. ಸರ್ಕಾರಿ ಕೆರೆ. ಪುರಸಭೆಯೇ ಎಲ್ಲರಿಗೂ ತೆರೆದಿದೆ ಎಂದು ೧೯೨೪ರಲ್ಲಿ ಠರಾವು ಮಾಡಿದ ಕೆರೆ. ಕುಡಿದು ಬಂದವರ ಮೇಲೆ ದೊಣ್ಣೆ ಬಿತ್ತು. ಕೆರೆಗೆ ೧೦೮ ಕೊಡ ಪಂಚಗವ್ಯ ಸುರಿದು ಶುದ್ಧ ಮಾಡಿದರು. ಗಂಜಲ ಬಿದ್ದರೆ ಶುದ್ಧವಾಗುವ ನೀರು ಮನುಷ್ಯನ ಬೊಗಸೆ ಬಿದ್ದರೆ ಮೈಲಿಗೆ! ೧೮೧೮ರಲ್ಲಿ ನದಿಯ ಮುಂದೆ ನೀರಿಲ್ಲದೆ ನಿಂತು ಹೊಡೆದಾಡಿದವರ ಮೊಮ್ಮಕ್ಕಳು ನೂರೊಂಬತ್ತು ವರ್ಷದ ಮೇಲೂ ಕೆರೆಯ ಮುಂದೆ ನೀರಿಗಾಗಿಯೇ ಹೊಡೆಸಿಕೊಂಡರು. ಕೋರೆಗಾಂವ್ ಮತ್ತು ಮಹಾಡ್ ಬೇರೆ ಬೇರೆ ಅಲ್ಲ ಗೆಳೆಯರೇ. ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆತರೆ ನಾವೂ ಶಾಲು ಹೊದಿಸುವವರ ಸಾಲಿಗೇ ಸೇರುತ್ತೇವೆ.

'ಬ್ರಿಟಿಷರ ಗೆಲುವನ್ನು ಹಬ್ಬ ಮಾಡುವ ನೀವು ದೇಶದ್ರೋಹಿಗಳು' ಅಂತ ನಮಗೆ ಹೇಳುವವರಿದ್ದಾರೆ. ಉತ್ತರ ಕೊಡುತ್ತೇವೆ. ಕಂಪನಿಯ ಬಂಗಾಳ ಸೈನ್ಯದ ತುಂಬ ಬ್ರಾಹ್ಮಣರು, ರಜಪೂತರು ಇದ್ದರು. ಅವರನ್ನು ಯಾರೂ ದ್ರೋಹಿ ಅನ್ನುವುದಿಲ್ಲ. ಕಾರ್ಯಪ್ಪನವರೂ ಬೆಳೆದದ್ದು ಬ್ರಿಟಿಷರ ಸೈನ್ಯದಲ್ಲೇ. ಅವರ ಹೆಸರಲ್ಲಿ ದಿನ ಮಾಡುತ್ತೀರಿ, ಸರಿ, ಮಾಡಿ. ಕಂಪನಿಯ ಉಪ್ಪು ಉಂಡವರಲ್ಲಿ ಮಹಾರ ಒಬ್ಬನೇ ಹೇಗೆ ದ್ರೋಹಿಯಾದ? ಇನ್ನು ಪೇಶ್ವೆಯ ರಾಜ್ಯ ಯಾರ ದೇಶ? ಅಸ್ಪೃಶ್ಯ ಪುಣೆಯ ಬೀದಿಯಲ್ಲಿ ನಡೆಯುವಾಗ ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಾಗಿತ್ತು ಅಂತ ಅಂಬೇಡ್ಕರ್ ೧೯೩೬ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಉಗುಳಲು ನೆಲ ಕೊಡದವನು ಸಾಯಲು ದೇಶ ಕೇಳಬಾರದು.

ಹಾಗಂತ ಇಂಗ್ಲಿಷರು ನಮ್ಮ ಉದ್ಧಾರಕರು ಅಂತ ನಾವು ಹಾಡುವುದಿಲ್ಲ. ೧೯೩೦ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ, ಅವರ ಮುಖದ ಮುಂದೆಯೇ, ಅಂಬೇಡ್ಕರ್ ಕೇಳಿದರು: ನೀವು ಬರುವ ಮೊದಲು ಊರ ಬಾವಿ ನಮಗಿರಲಿಲ್ಲ, ಈಗ ಇದೆಯೇ? ಗುಡಿ ಇರಲಿಲ್ಲ, ಈಗ ಇದೆಯೇ? ಪೊಲೀಸು, ಸೈನ್ಯ ನಮಗೆ ತೆರೆದಿರಲಿಲ್ಲ, ಈಗ ತೆರೆದಿವೆಯೇ? ಒಂದಕ್ಕೂ ಹೌದು ಅನ್ನಲು ಆಗುವುದಿಲ್ಲ ಅಂದರು. ನೂರೈವತ್ತು ವರ್ಷ ಆಳಿದವರ ಲೆಕ್ಕವನ್ನು ಒಂದೇ ಉಸಿರಿಗೆ ಚುಕ್ತಾ ಮಾಡಿದರು. ಕೋರೆಗಾಂವಿಗೆ ಹೋಗಿ ಬಂದ ಮನುಷ್ಯನೇ ಈ ಮಾತು ಆಡಿದ್ದು. ನಮ್ಮನ್ನು ದ್ರೋಹಿಗಳೆನ್ನುವವರು ಇದನ್ನು ಓದಬೇಕು. ನಮ್ಮ ಭಾಷಣಕಾರರೂ ಓದಬೇಕು.

ಕೊನೆಗೂ ಬಾಗಿಲು ತೆರೆದದ್ದು ಎರಡನೇ ಮಹಾಯುದ್ಧದಲ್ಲಿ. ೧೯೪೧ರ ಅಕ್ಟೋಬರ್ ೧ರಂದು ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಈ ಮಾತು ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ? ಆ ರೆಜಿಮೆಂಟಿನ ಟೋಪಿಯ ಬಿಲ್ಲೆಯ ಮೇಲೆ ಮೊದಲು ಕೋರೆಗಾಂವ್ ಸ್ತಂಭವೇ ಇತ್ತು. ಮುಂದೆ ಅದನ್ನು ತೆಗೆದು ಕಠಾರಿ ಇಟ್ಟರು. ಅದೇ ಯುದ್ಧಕ್ಕೆ ೧೯೪೩ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, ಯುದ್ಧ ಮುಗಿದೊಡನೆ ೧೯೪೬ರಲ್ಲಿ ಬರಖಾಸ್ತು ಮಾಡಿದರು. ಮತ್ತೆ ಅದೇ ಕತೆ.

೫

೨೦೧೮ರ ಜನವರಿ ೧ಕ್ಕೆ ಕೋರೆಗಾಂವಿಗೆ ಇನ್ನೂರು ವರ್ಷ. ಸ್ತಂಭಕ್ಕೆ ಲಕ್ಷಗಟ್ಟಲೆ ಜನ ಹೋದರು. ಕಲ್ಲು ಬಿತ್ತು, ವಾಹನಗಳು ಸುಟ್ಟವು, ಗಲಭೆಯಲ್ಲಿ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಅದರ ಹಿಂದಿನ ದಿನ ಪುಣೆಯ ಶನಿವಾರವಾಡದ ಮುಂದೆ ನಡೆದ ಎಲ್ಗಾರ್ ಪರಿಷತ್ತಿನ ಪ್ರಕರಣದಲ್ಲಿ ಹದಿನಾರು ಮಂದಿ ಕವಿಗಳು, ವಕೀಲರು, ಪ್ರಾಧ್ಯಾಪಕರು, ಹೋರಾಟಗಾರರು ಜೈಲು ಸೇರಿದರು. ಅವರಲ್ಲಿ ಸ್ಟ್ಯಾನ್ ಸ್ವಾಮಿ ಎಂಬ ಎಂಬತ್ನಾಲ್ಕು ವರ್ಷದ ಪಾದ್ರಿ ವಿಚಾರಣೆ ಶುರುವಾಗುವ ಮೊದಲೇ ೨೦೨೧ರ ಜುಲೈ ೫ರಂದು ಬಂಧನದಲ್ಲಿರುವಾಗಲೇ ತೀರಿಕೊಂಡರು. ಸಿಪಾಯಿಯನ್ನು ನೆನೆಯುವುದು ದೇಶಭಕ್ತಿ ಅಂತಾರೆ. ನಮ್ಮ ಸಿಪಾಯಿಯನ್ನು ನಾವು ನೆನೆಯಲು ಹೋದರೆ ಅದು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗುತ್ತದೆ.

ಆದರೆ ಗೆಳೆಯರೇ, ನಮ್ಮ ಒಳಗೂ ಒಂದು ಹುಳ ಹೊಕ್ಕಿದೆ. ಈಚೆಗೆ ನಮ್ಮೂರುಗಳಲ್ಲಿ ಜನವರಿ ೧ರ ವಿಜಯೋತ್ಸವ ಅಂದರೆ ಡಿಜೆ, ಥರ್ಮೋಕೋಲಿನ ಸ್ತಂಭ, ಕಟೌಟು. ಕಟೌಟಿನಲ್ಲಿ ಬಾಬಾಸಾಹೇಬರ ಪಟ ಅಂಗೈಯಗಲ, ರಾಜಕಾರಣಿಯ ಪಟ ಆಳೆತ್ತರ. ಕತ್ತಿ ಹಿಡಿದ ಚಿತ್ರ ನೋಡಿ ಹುಡುಗರು ಕೇಕೆ ಹಾಕುತ್ತಾರೆ. ಯುದ್ಧ ದೊಡ್ಡದು ಅಂತ ಅಂಬೇಡ್ಕರ್ ಅಲ್ಲಿಗೆ ಹೋಗಲಿಲ್ಲ. ನಮ್ಮ ಭೀಮೆಯ ದಂಡೆಯಲ್ಲೇ, ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ಇನ್ನೊಂದು ಕಲ್ಲಿದೆ. ಗುಡಿಯೊಳಗೆ ದೇವಿಯ ಪೀಠವಾಗಿ ಹುದುಗಿದ್ದ ಅದು ೧೯೮೦ರ ದಶಕದಲ್ಲಿ ಬೆಳಕಿಗೆ ಬಂತು. ಅದರ ಮೇಲಿರುವುದು ಅಶೋಕನ ಶಾಸನ. ಕಳಿಂಗದಲ್ಲಿ ಕೊಂದು ಕೊಂದು ಕೊನೆಗೆ ಪಶ್ಚಾತ್ತಾಪಪಟ್ಟ ಅದೇ ಅಶೋಕ. ಎಲ್ಲ ಜನರೂ ನನ್ನ ಮಕ್ಕಳು, ಯಾರನ್ನೂ ಅನ್ಯಾಯವಾಗಿ ಸೆರೆಗೆ ಹಾಕಬೇಡಿ ಅಂತ ತನ್ನ ಅಧಿಕಾರಿಗಳಿಗೆ ಅದರಲ್ಲಿ ಹೇಳಿದ್ದಾನೆ. ಕೋರೆಗಾಂವಿನ ಕಲ್ಲಿನಿಂದ ೧೯೨೭ರಲ್ಲಿ ಹೊರಟ ಮನುಷ್ಯ ೧೯೫೬ರಲ್ಲಿ ಎಲ್ಲಿಗೆ ಮುಟ್ಟಿದ? ಅಶೋಕ ಹಿಡಿದ ಧಮ್ಮಕ್ಕೇ ಮುಟ್ಟಿದ. ಈ ದಾರಿಯನ್ನು ನಮ್ಮ ಹುಡುಗರಿಗೆ ತೋರಿಸದೆ ಬರೀ ಕತ್ತಿ ತೋರಿಸಿದರೆ, ನಾಳೆ ಆ ಕತ್ತಿಯನ್ನು ಯಾರೋ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ನಮ್ಮನ್ನು ಬಾಡಿಗೆಗೆ ತೆಗೆದುಕೊಳ್ಳುವುದು ಹೊಸದೇನಲ್ಲ.

ಬಾಡಿಗೆಯ ಮಾತು ಬಂತು ಅಂತ ಹೇಳುತ್ತೇವೆ. ನಮ್ಮ ಕೇರಿಗಳಿಂದ ಸೈನ್ಯಕ್ಕೆ ಹೋಗುವುದು ಯಾಕೆ? ದೇಶಭಕ್ತಿ ಇಲ್ಲ ಅಂತಲ್ಲ. ಹೊಲ ಇಲ್ಲ, ಅಂಗಡಿ ಇಡುವ ದುಡ್ಡಿಲ್ಲ. ಓಡುವ ಕಾಲು, ಅಗಲವಾದ ಎದೆ ಇದೆ. ಮುತ್ಯಾನಿಗೆ ಆ ಎದೆಯ ಮೇಲೆ ಪಿಂಚಣಿ ಸಿಕ್ಕಿತು. ಅದರಿಂದ ಒಂದು ಮಾಳಿಗೆ ಮನೆ ಆಯಿತು, ಇಬ್ಬರು ಹೆಣ್ಣುಮಕ್ಕಳು ಹತ್ತನೇ ಇಯತ್ತೆ ಮುಟ್ಟಿದರು. ೨೦೨೨ರಲ್ಲಿ ಅಗ್ನಿಪಥ ಎಂಬ ಯೋಜನೆ ತಂದರು. ನಾಲ್ಕು ವರ್ಷ ದುಡಿಯಿರಿ, ನೂರಕ್ಕೆ ಇಪ್ಪತ್ತೈದು ಜನ ಉಳಿಯಿರಿ, ಉಳಿದವರು ಗಂಟು ಹಣ ಹಿಡಿದು ಮನೆಗೆ ಹೊರಡಿ, ಪಿಂಚಣಿ ಇಲ್ಲ ಅಂತ ಅದರ ನಿಯಮ. ಮಾಜಿ ಸೈನಿಕರಿಗೆ ಒಂದು ದಿನ ಗೊತ್ತು ಮಾಡಿದವರೇ ಪಿಂಚಣಿ ಇಲ್ಲದ ಸೈನಿಕನನ್ನು ಕಂಡುಹಿಡಿದರು. ಇವತ್ತು ಮುತ್ಯಾನ ಮೊಮ್ಮಗ ದಿನಾ ನಸುಕಿನಲ್ಲಿ ರಸ್ತೆ ಮೇಲೆ ಓಡುತ್ತಾನೆ, ಭರ್ತಿಗೆ. ಇಪ್ಪತ್ತನಾಲ್ಕು ವಯಸ್ಸಿಗೆ ಅವನು ವಾಪಸು ಬಂದರೆ ಅವನಿಗೆ ಯಾವ ಶಾಲು?

ನಾವು ಸೈನಿಕರ ವಿರೋಧಿಗಳಲ್ಲ. ಸೈನಿಕರ ಮನೆಯವರು. ಅದಕ್ಕೇ ಹೇಳುತ್ತೇವೆ: ಬಾಕಿ ತೀರಿಸದೆ ಮಾಡುವ ಸನ್ಮಾನ ಕಳ್ಳತನ. ಸತ್ತವನ ಹೆಸರಲ್ಲಿ ಬದುಕಿದವನ ಬಾಯಿ ಮುಚ್ಚಿಸುವ ಉಪಾಯ. ಸಂವಿಧಾನದ ೧೭ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅದನ್ನು ಜಾರಿಗೆ ತರದ ಊರಿಗೆ ಧ್ವಜ ದಿನ ಆಚರಿಸುವ ಯೋಗ್ಯತೆ ಇಲ್ಲ. ಬಾವುಟ ಎದೆಗೆ ಚುಚ್ಚಿಕೊಂಡರೆ ಸಾಲದು. ಅದೇ ಎದೆ ಪಕ್ಕದವನ ಲೋಟ ನೋಡಿ ನಾಚಬೇಕು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಡಿಸೆಂಬರ್ ೭ರಂದು ಬಾವುಟ ಮಾರಿದ ಮೇಲೆ ಮಕ್ಕಳನ್ನು ಕೇರಿಗೆ ಕಳಿಸಿ. ಈ ಕೇರಿಯಿಂದ ಸೈನ್ಯಕ್ಕೆ ಹೋದವರು ಯಾರ್ಯಾರು, ಯಾವ ಪಲ್ಟನ್ನು, ಯಾವ ಯುದ್ಧ, ಪಿಂಚಣಿ ಬಂತೇ, ಜಮೀನು ಬಂತೇ ಅಂತ ಕೇಳಿ ಬರೆದುಕೊಂಡು ಬರಲಿ. ಟ್ರಂಕಿನ ಕಾಗದಗಳು ಗೆದ್ದಲು ತಿನ್ನುವ ಮೊದಲು ನಕಲು ಮಾಡಿಕೊಳ್ಳಲಿ. ಬರೆಯುವ ಮ್ಯಾಲ್ಜಾತಿಯ ಮಕ್ಕಳೂ ಆ ಮನೆಗಳಲ್ಲಿ ನೀರು ಕುಡಿದು ಬರಲಿ. ಅದು ಇತಿಹಾಸದ ಪಾಠ. ವಿದ್ಯಾರ್ಥಿ ಗೆಳೆಯರೇ, ಜನವರಿ ೧ರಂದು ಡಿಜೆ ಆರಿಸಿ ಹೆಸರುಗಳನ್ನು ಓದಿ. ಕೋರೆಗಾಂವಿನ ಕಲ್ಲಿನ ಹೆಸರು ಓದಿ, ಆಮೇಲೆ ನಿಮ್ಮ ಕೇರಿಯ ಹೆಸರು ಓದಿ. ಒಂದೊಂದು ಹೆಸರಿನ ಮುಂದೆ ಆ ಮನೆಗೆ ಬರಬೇಕಾದ ಬಾಕಿ ಓದಿ. ನೀರು, ನೆಲ, ಶಾಲೆ, ಕೆಲಸ. ಅಂಬೇಡ್ಕರ್ ಅವತ್ತು ಮಾಡಿದ್ದು ಇಷ್ಟೇ.

ನಾವು ಈ ಸಲ ಮಾಡುವುದನ್ನೂ ಹೇಳಿಬಿಡುತ್ತೇವೆ. ಬರುವ ಜನವರಿ ೧ರಂದು ಸಭೆ ಮುಗಿದ ಮೇಲೆ ಮಿಲ್ಟ್ರಿ ಮುತ್ಯಾನನ್ನು ಮುಂದಿಟ್ಟುಕೊಂಡು ನಾವೆಲ್ಲ ಆ ಬಸ್ ಸ್ಟ್ಯಾಂಡಿನ ಹೋಟ್ಲಿಗೆ ಹೋಗುತ್ತೇವೆ. ಕೈಯಲ್ಲಿ ಕತ್ತಿ ಇರುವುದಿಲ್ಲ, ಘೋಷಣೆಯೂ ಇರುವುದಿಲ್ಲ. ದುಡ್ಡು ಇಟ್ಟು ಚಾ ಕೇಳುತ್ತೇವೆ. ಸ್ಟೀಲು ಲೋಟದಲ್ಲಿ ಕೇಳುತ್ತೇವೆ. ಕುಡಿದ ಲೋಟ ಊರವರ ಲೋಟಗಳ ಜೊತೆಗೇ ಇಡುತ್ತೇವೆ.

ಈ ಮಾತು ಹೇಳಿದಾಗ ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: 'ಕೋಟು ಹಾಕ್ಕೊಂಡ ಬರ್ಲ್ಯಾ, ಹಂಗ ಬರ್ಲ್ಯಾ?'

ಹಾಕ್ಕೊಂಡೇ ಬಾ ಮುತ್ಯಾ ಅಂದೆವು. ಪದಕ ಹಚ್ಚಿಕೊಂಡೇ ಬಾ.